ಓದಿದ ನಾಟಕ, ಕೇಳಿದ ನಾಟಕ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ಯಾವ ವಿಷಯ ಬರೆಯಬೇಕೆಂದು ಬಹಳ ಯೋಚಿಸಬೇಕಾಗಲಿಲ್ಲ. ಶಾಲೆಗೆ ಜಾಗ ಕೊಟ್ಟ ಮಹನೀಯರು, ಕಟ್ಟಡ ಎದ್ದ ಬಗೆ, ಏರಿದ ಇಳಿದ ಫಲಿತಾಂಶ ಇವುಗಳನ್ನು ಬರೆಯಲು ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ನಾನು ಇಲ್ಲಿ 17 ವರ್ಷ ಕನ್ನಡ ಪಾಠ ಹೇಳಿದವನು. ನನಗೆ ಗೊತ್ತಿರುವುದು ಪುಸ್ತಕ ಮತ್ತು ಮಕ್ಕಳ ದನಿ. ಆದ್ದರಿಂದ ನಮ್ಮ ಜನ ನಾಟಕವನ್ನು ಓದಿದ ಮತ್ತು ಕೇಳಿದ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನೋಡಿದ ಚರಿತ್ರೆಯನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ಓದಿದ, ಕೇಳಿದ ಚರಿತ್ರೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ನಮ್ಮ ಹಿರಿಯರಿಗೆ ಕಾವ್ಯವೆಂದರೆ ಕಿವಿಯಿಂದ ಬಂದದ್ದು. ಊರಿಗೆ ಒಬ್ಬರೋ ಇಬ್ಬರೋ ಅಕ್ಷರ ಬಲ್ಲವರು ಇದ್ದ ಕಾಲದಲ್ಲಿಯೂ ಕುಮಾರವ್ಯಾಸನ ಭಾರತ ಊರಿಗೆಲ್ಲ ಗೊತ್ತಿತ್ತು. ದೇವಸ್ಥಾನದ ಜಗಲಿಯ ಮೇಲೆ ಒಬ್ಬರು ರಾಗವಾಗಿ ವಾಚನ ಮಾಡುತ್ತಿದ್ದರು, ಇನ್ನೊಬ್ಬರು ಅದಕ್ಕೆ ವ್ಯಾಖ್ಯಾನ ಹೇಳುತ್ತಿದ್ದರು. ಗಮಕವೆಂಬ ಈ ಕಲೆಯಲ್ಲಿ ಓದುವವನು ಒಬ್ಬ, ಕೇಳುವವರು ನೂರು ಮಂದಿ. ದ್ರೌಪದಿಯ ಮಾತು ಬಂದಾಗ ದನಿ ಒಂದು ಬಗೆ, ಭೀಮನ ಮಾತು ಬಂದಾಗ ಇನ್ನೊಂದು ಬಗೆ. ವೇಷವಿಲ್ಲ, ಪರದೆಯಿಲ್ಲ. ಆದರೂ ಕೇಳುವವರ ಮನಸ್ಸಿನಲ್ಲಿ ಸಭಾಮಂಟಪ ನಿಲ್ಲುತ್ತಿತ್ತು. ಕನ್ನಡದ ಹಳೆಯ ಕಾವ್ಯಗಳಲ್ಲಿ ನಾಟಕದ ಗುಣ ತುಂಬಿರುವುದನ್ನು ಪಂಡಿತರು ಗುರುತಿಸಿದ್ದಾರೆ. ರನ್ನನ ಗದಾಯುದ್ಧದಲ್ಲಿ ಪಾತ್ರಗಳ ಮಾತು ಎಷ್ಟು ಸಜೀವವಾಗಿದೆಯೆಂದರೆ, ಬಿ.ಎಂ.ಶ್ರೀ. ಅವರು ಅದರಿಂದಲೇ 1926ರಲ್ಲಿ ಗದಾಯುದ್ಧ ನಾಟಕವನ್ನು ಸಿದ್ಧಪಡಿಸಿದರು.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಹರ್ಷನ ರತ್ನಾವಳಿಯನ್ನು ಅನುಸರಿಸಿ ಬರೆದದ್ದು. ಅದಾದ ಮೇಲೆ ಬರೆದ ನಾಟಕಗಳ ಸಾಲು ಬೆಳೆಯಲು ಬಹುಕಾಲ ಬೇಕಾಯಿತು. ಜನರ ನಾಟಕ ಮಾತ್ರ ನಿಂತಿರಲಿಲ್ಲ. ಕರಾವಳಿ ಮಲೆನಾಡುಗಳಲ್ಲಿ ಯಕ್ಷಗಾನ, ಬಯಲುಸೀಮೆಯಲ್ಲಿ ಮೂಡಲಪಾಯ, ಉತ್ತರದಲ್ಲಿ ದೊಡ್ಡಾಟ, ಸಣ್ಣಾಟಗಳು ರಾತ್ರಿಯಿಡೀ ನಡೆಯುತ್ತಿದ್ದವು. ಉತ್ತರ ಕನ್ನಡದ ಕರ್ಕಿಯ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದರಿಂದ ಸ್ಫೂರ್ತಿ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. ಮುಂದೆ ಅದೇ ಮರಾಠಿ ಮಂಡಳಿಗಳು ನಮ್ಮ ಉತ್ತರದ ಊರುಗಳಿಗೆ ಬಂದು ಜನರನ್ನು ಸೆಳೆದವು. ಕನ್ನಡದ ಊರಿನಲ್ಲಿ ಕನ್ನಡದ ನಾಟಕ ಕೇಳಿಸಬೇಕೆಂಬ ಹಟದಿಂದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನ ಕಡೆ ಮಂಡಳಿ ಕಟ್ಟಿದರು. ಕೊಟ್ಟ ಸಾಲ ಬಡ್ಡಿಯ ಸಮೇತ ಹಿಂದಿರುಗಿತು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಅದೇ ಹೊತ್ತಿಗೆ ಕಾಳಿದಾಸನ ಶಾಕುಂತಲ ಕನ್ನಡಕ್ಕೆ ಎರಡು ದಾರಿಯಲ್ಲಿ ಬಂತು. 1870ರ ಸುಮಾರಿಗೆ ಚುರಮುರಿ ಶೇಷಗಿರಿರಾಯರು ಅದನ್ನು ಧಾರವಾಡದ ಕಡೆಯ ಆಡುಮಾತಿಗೆ ಹತ್ತಿರ ತಂದರು. ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಹಳಗನ್ನಡದ ಬಿಗುವಿನಲ್ಲಿ ಬರೆದು ಅಭಿನವ ಕಾಳಿದಾಸರೆಂದು ಹೆಸರಾದರು. ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಅದನ್ನು ಆಡಿತು. ಷೇಕ್ಸ್‌ಪಿಯರನ ಒಥೆಲೊ ನಾಟಕವೂ ಶಾಸ್ತ್ರಿಗಳ ಕೈಯಲ್ಲಿ ಶೂರಸೇನ ಚರಿತ್ರೆಯಾಯಿತು. ಒಂದು ಓದಿದರೆ ಅರ್ಥವಾಗುವ ಕನ್ನಡ, ಇನ್ನೊಂದು ಹಾಡಿದರೆ ಕಿವಿ ತುಂಬುವ ಕನ್ನಡ. ನಮ್ಮ ನಾಟಕಕ್ಕೆ ಎರಡೂ ಬೇಕಾಗಿದ್ದವು.

ಆಮೇಲೆ ಬಂದದ್ದು ಕಂಪನಿಗಳ ಕಾಲ. ನಮ್ಮ ಸೀಮೆಯವರಿಗೆ ಹೆಮ್ಮೆಯ ಗುಬ್ಬಿ ಕಂಪನಿ ಆರಂಭವಾದದ್ದು 1884ರಲ್ಲಿ. ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ನಾಟಕರತ್ನರೆನಿಸಿದರು. ವರದಾಚಾರ್ಯರ ರತ್ನಾವಳಿ ಕಂಪನಿ, ಗರುಡ ಸದಾಶಿವರಾಯರ ಮಂಡಳಿ, ವಾಮನರಾಯ ಮಾಸ್ತರರ ಮಂಡಳಿ ಹೀಗೆ ನಾಡಿನ ಮೂಲೆ ಮೂಲೆಗೆ ಡೇರೆ ಹೋಯಿತು. ಬಿ.ಜಯಮ್ಮನವರಂಥ ನಟಿಯರು ರಂಗಕ್ಕೆ ಬಂದರು. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಿ.ವಿ.ಕಾರಂತರು ಹುಡುಗನಾಗಿ ಸೇರಿದ್ದೂ ಅದೇ ಕಂಪನಿಗೆ.

ಈ ಕಂಪನಿ ನಾಟಕಗಳನ್ನು ನೋಡಿದವರಿಗಿಂತ ಕೇಳಿದವರೇ ಹೆಚ್ಚೆಂದು ನನ್ನ ತಿಳಿವಳಿಕೆ. ಜಾತ್ರೆಯಲ್ಲಿ ಡೇರೆ ಹಾಕಿದರೆ ಟಿಕೆಟಿಗೆ ಕಾಸಿಲ್ಲದವರು ತಟ್ಟಿಯ ಹೊರಗೆ ಕುಳಿತು ಕೇಳುತ್ತಿದ್ದರು. ಆಗ ಧ್ವನಿವರ್ಧಕವಿಲ್ಲ. ಕೊನೆಯ ಸಾಲಿನವರಿಗೆ ಕೇಳಿಸುವಂತೆ ಹಾಡಬೇಕಾಗಿದ್ದುದರಿಂದ ಹೊರಗಿನವರಿಗೂ ಕೇಳಿಸುತ್ತಿತ್ತು. ನಾಟಕದ ಹಾಡಿನ ಪುಸ್ತಕಗಳು ಡೇರೆಯ ಬಾಗಿಲಲ್ಲಿ ಮಾರಾಟವಾಗುತ್ತಿದ್ದವು. ಊರಿಗೆ ಒಂದು ಪ್ರತಿ ಬಂದರೆ ಸಾಕು, ಓದಬಲ್ಲವರೊಬ್ಬರು ಓದುತ್ತಿದ್ದರು, ಉಳಿದವರು ಹಾಡುತ್ತಿದ್ದರು. ಆಮೇಲೆ ಗ್ರಾಮಫೋನ್ ಪ್ಲೇಟುಗಳು ಬಂದವು. ಒಂದು ಬದಿಗೆ ಮೂರು ಮೂರೂವರೆ ನಿಮಿಷ. ರಾತ್ರಿಯಿಡೀ ನಡೆಯುವ ನಾಟಕದ ಒಂದು ಹಾಡು ಅಷ್ಟರಲ್ಲಿ ಮುಗಿಯಬೇಕು. ಆದ್ದರಿಂದ ಆಲಾಪ ಕುಗ್ಗಿತು, ಪಲ್ಲವಿ ಉಳಿಯಿತು.

ನಮ್ಮೂರಿನವರಿಗೆ ನಾಟಕವೆಂದರೆ ಕುರುಕ್ಷೇತ್ರ. 1930ರ ದಶಕದಲ್ಲಿ ಗುಬ್ಬಿ ಕಂಪನಿಯವರು ಆನೆ, ಕುದುರೆ, ರಥಗಳನ್ನು ರಂಗಕ್ಕೆ ತಂದು ಆಡಿದ ನಾಟಕದ ಹೆಸರೂ ಅದೇ. ತುಮಕೂರು, ಮಂಡ್ಯ, ಹಾಸನ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಇಂದಿಗೂ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ಕಟ್ಟುತ್ತಾರೆ. ಆನೆ ಇಲ್ಲ, ರಥ ಇಲ್ಲ, ಬಾಡಿಗೆಯ ಸೀನರಿ ಮತ್ತು ಹಾರ್ಮೋನಿಯಂ ಇದೆ. ರಾತ್ರಿ ಒಂಬತ್ತಕ್ಕೆ ಆರಂಭವಾದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳ್ಳಿ ಮೂಡುತ್ತದೆ.

ಈ ನಾಟಕ ಕಲಿಯುವ ರೀತಿ ಒಂದು ದೊಡ್ಡ ಪಾಠಶಾಲೆ. ಹಾರ್ಮೋನಿಯಂ ಮೇಷ್ಟರು ಸಂಜೆ ಬರುತ್ತಾರೆ. ಅವರ ಬಳಿ ಎಣ್ಣೆಗಟ್ಟಿದ ಒಂದು ನೋಟ್‌ಬುಕ್ಕು. ಅವರು ಒಂದು ಸಾಲು ಹೇಳುತ್ತಾರೆ, ಪಾತ್ರಧಾರಿ ಅದನ್ನು ಹತ್ತು ಸಾರಿ ಹೇಳುತ್ತಾನೆ. ಕಂದವನ್ನು ಎಲ್ಲಿ ಮುರಿಯಬೇಕು, ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಏಳಬೇಕು, ಎಲ್ಲವೂ ಕಿವಿಯಿಂದಲೇ. ಎರಡು ಮೂರು ತಿಂಗಳ ತಾಲೀಮು. ಅದನ್ನು ಕೇಳಲು ಮಕ್ಕಳು, ಹೆಂಗಸರು, ಮುದುಕರು ಎಲ್ಲ ಬಂದು ಕೂರುವುದರಿಂದ ನಾಟಕದ ದಿನ ಬರುವ ಹೊತ್ತಿಗೆ ಊರಿಗೆಲ್ಲ ನಾಟಕ ಬಾಯಿಪಾಠವಾಗಿರುತ್ತದೆ. ರಂಗದ ಮೇಲೆ ಯಾರಾದರೂ ಸಾಲು ಮರೆತರೆ ಕತ್ತಲಿನಿಂದ ಯಾರೋ ಹೇಳಿಕೊಡುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬಹಳ ವರ್ಷ ಕರ್ಣನ ಪಾರ್ಟು ಮಾಡಿದವರು. ಹೆಬ್ಬೆಟ್ಟು ಒತ್ತುವವರು. ಮಗ ಅಚ್ಚಾದ ಕುರುಕ್ಷೇತ್ರ ಪುಸ್ತಕ ತಂದು ಮನೆಯಲ್ಲಿ ಓದುತ್ತಿದ್ದರೆ ಆ ತಂದೆ ಹಸುವಿಗೆ ಹುಲ್ಲು ಹಾಕುತ್ತಲೇ ಅವನ ಒತ್ತಕ್ಷರ ತಿದ್ದುತ್ತಿದ್ದರು. ಮಹಾಪ್ರಾಣ ತಪ್ಪಿದರೆ ಅವರ ಕಿವಿಗೆ ಕಲ್ಲು ಸಿಕ್ಕಂತಾಗುತ್ತಿತ್ತು. ಅಕ್ಷರ ಬಾರದವರನ್ನು ಅವಿದ್ಯಾವಂತರೆಂದು ನಾವು ಸುಲಭವಾಗಿ ಕರೆಯುತ್ತೇವೆ. ಆ ಮಾತು ಅವರಿಗೆ ಒಪ್ಪುವುದಿಲ್ಲ.

ಆದರೆ ಈ ಪಾಠಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಬರೆಯಬೇಕು. ಇಂಥ ನಾಟಕದಲ್ಲಿ ಪಾರ್ಟಿಗೆ ಹಣ ಕೊಡಬೇಕು. ದುರ್ಯೋಧನ, ಕೃಷ್ಣ, ಕರ್ಣ ಇವುಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಮೇಷ್ಟರ ಸಂಬಳ, ಸೀನರಿ, ಬಟ್ಟೆ, ಬಣ್ಣ ಎಲ್ಲಕ್ಕೂ ಅದರಿಂದಲೇ ಆಗಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣವಿದ್ದವನು ದುರ್ಯೋಧನ, ಇಲ್ಲದವನು ಪ್ರೇಕ್ಷಕ. ಹೆಣ್ಣುಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಊರಿನ ಹೆಣ್ಣುಮಗಳು ಎಷ್ಟು ಚೆನ್ನಾಗಿ ಹಾಡಿದರೂ ಅಡುಗೆಮನೆಯಲ್ಲೇ ಹಾಡಬೇಕು. ಇನ್ನು ಕೆಲವರು ನಾಟಕದ ಸುದ್ದಿಯನ್ನು ತಮಟೆ ಬಾರಿಸಿ ಊರಿಗೆಲ್ಲ ಸಾರಿದವರು. ನಾಟಕದ ರಾತ್ರಿ ಅವರು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಅವರಿಗೂ ಕುರುಕ್ಷೇತ್ರ ಬಾಯಿಪಾಠವಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಈ ಪ್ರಶ್ನೆಯನ್ನು ಎತ್ತಿದ್ದು ಪುಸ್ತಕದ ನಾಟಕಗಳು. ಕೈಲಾಸಂ ಅವರು ಮನೆಯ ಒಳಗಿನ ಮಾತನ್ನೇ ನಾಟಕ ಮಾಡಿದರು. ಟೊಳ್ಳು ಗಟ್ಟಿಯಲ್ಲಿ ಪರೀಕ್ಷೆ ಪಾಸಾದ ಮಗನಿಗೂ ಪಾಸಾಗದ ಮಗನಿಗೂ ಇರುವ ಅಂತರವನ್ನು ತೂಗಿದರು. ಆ ನಾಟಕವನ್ನು ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶದ ದಿನ ಗಟ್ಟಿಯಾಗಿ ಓದಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ. ಕೈಲಾಸಂ ಕೂತು ಬರೆಯುವವರಲ್ಲ, ಬಾಯಲ್ಲಿ ಹೇಳುವವರು. ಗೆಳೆಯರ ಮುಂದೆ ಇಡೀ ನಾಟಕವನ್ನು ಎಲ್ಲ ಪಾತ್ರಗಳ ದನಿಯಲ್ಲಿ ಹೇಳುತ್ತಿದ್ದರು, ಕೇಳಿದವರು ಬರೆದುಕೊಂಡರು. ಇಂದು ನಾವು ಓದುವ ಪುಸ್ತಕ ಅಂದು ಯಾರೋ ಕಿವಿಗೊಟ್ಟು ಕೇಳಿದ್ದರ ಫಲ.

ಬಿ.ಎಂ.ಶ್ರೀ. ಅವರು ಗ್ರೀಕ್ ಕವಿ ಸೊಫೊಕ್ಲಿಸನ ಏಜಾಕ್ಸ್ ನಾಟಕವನ್ನು ಭಾರತದ ಕಥೆಗೆ ಹೊಂದಿಸಿ 1929ರಲ್ಲಿ ಅಶ್ವತ್ಥಾಮನ್ ಬರೆದರು. ಕುವೆಂಪು ಅವರು 1928ರಲ್ಲಿ ಜಲಗಾರ, ಮುಂದೆ ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ಒಗ್ಗಿಸಿದ ಬಿರುಗಾಳಿ, ರಕ್ತಾಕ್ಷಿ, ಆಮೇಲೆ ಬೆರಳ್‌ಗೆ ಕೊರಳ್ ಬರೆದರು. ಜಲಗಾರದಲ್ಲಿ ಜನರೆಲ್ಲ ದೇವಾಲಯಕ್ಕೆ ಹೋಗುತ್ತಾರೆ, ಬೀದಿ ಗುಡಿಸುವವನು ಹೋಗುವಂತಿಲ್ಲ. ಶಿವನೇ ಜಗದ ಜಲಗಾರನಾಗಿ ಅವನ ಬಳಿಗೆ ಬರುತ್ತಾನೆ. ಕಂಪನಿಯ ಡೇರೆಗೂ ಹಳ್ಳಿಯ ರಂಗಕ್ಕೂ ಇಂಥ ನಾಟಕಗಳು ಅಷ್ಟಾಗಿ ಬರಲಿಲ್ಲ. ಹಾಡು ಕಡಿಮೆ, ಯುದ್ಧವಿಲ್ಲ. ಅವು ಹಳ್ಳಿಗೆ ಬಂದದ್ದು ಶಾಲೆಯ ಪುಸ್ತಕದ ಬೀರುವಿನ ಮೂಲಕ.

ಇನ್ನೊಂದು ದಾರಿ ರೇಡಿಯೋ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ.ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರ ಕೇಂದ್ರ ಆರಂಭಿಸಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು ಕೇಂದ್ರ 1955ರಲ್ಲಿ ಆರಂಭವಾದವು. ಪಂಚಾಯಿತಿ ಕಚೇರಿಯ ರೇಡಿಯೋ ಮುಂದೆ ಊರಿನ ಜನ ಕೂತು ನಾಟಕ ಕೇಳಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಬಾನುಲಿ ನಾಟಕದಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ. ಬಾಗಿಲು ಕಿರುಗುಟ್ಟಿದರೆ ಯಾರೋ ಬಂದರು ಎಂದರ್ಥ. ಹೆಜ್ಜೆಯ ಸಪ್ಪಳ ದೂರವಾದರೆ ಹೋದರು ಎಂದರ್ಥ. ಉಳಿದದ್ದೆಲ್ಲ ದನಿ ಮಾಡಬೇಕು. ಗಿರೀಶ ಕಾರ್ನಾಡರ ಟಿಪ್ಪುವಿನ ಕನಸುಗಳ ನಾಟಕ ಕೂಡ ಮೊದಲು ಹುಟ್ಟಿದ್ದು ಕಿವಿಗಾಗಿಯೇ. ಸ್ವಾತಂತ್ರ್ಯದ 50ನೆಯ ವರ್ಷಕ್ಕೆಂದು ಬಿ.ಬಿ.ಸಿ. ರೇಡಿಯೋ ಅದನ್ನು ಬರೆಸಿತು. ರಂಗಕ್ಕೆ ಬಂದದ್ದು ಆಮೇಲೆ.

ರೇಡಿಯೋದ ಮುಂದೆ ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆ ಮೈದಾನದಲ್ಲಿ ಇದ್ದಷ್ಟು ಬಿಗಿಯಾಗಿರಲಿಲ್ಲ. ಮನೆಯೊಳಗಿನ ಹೆಂಗಸರಿಗೂ ಅದು ತಲುಪುತ್ತಿತ್ತು. ಹಿಟ್ಟು ಬೀಸುತ್ತಲೇ ನಾಟಕ ಕೇಳಿದ ತಾಯಂದಿರು ನಮ್ಮಲ್ಲಿ ಬಹಳ ಮಂದಿ.

ಈಗ ತರಗತಿಯ ವಿಷಯಕ್ಕೆ ಬರುತ್ತೇನೆ. ನಾಟಕದ ಪಾಠ ಬಂದರೆ ಮೇಷ್ಟರು ಓದಿ ಅರ್ಥ ಹೇಳಿ ಪ್ರಶ್ನೋತ್ತರ ಬರೆಸುವುದು ವಾಡಿಕೆ. ನಾನು ಪಾತ್ರ ಹಂಚಿ ಓದಿಸುತ್ತಿದ್ದೆ. ಹಂಚುವುದು ಹಾಜರಿ ಪುಸ್ತಕದ ಕ್ರಮದಲ್ಲಿ, ಆಯ್ಕೆ ಇಲ್ಲ. ಇಂದು 1ರಿಂದ 6ರವರೆಗೆ, ನಾಳೆ 7ರಿಂದ 12. ಯಾರಿಗೆ ಯಾವ ಪಾತ್ರ ಬಂದರೂ ಓದಬೇಕು. ಇದರಿಂದ ಹುಡುಗಿಯರಿಗೆ ಭೀಮ ಬಂದ, ದ್ರೋಣ ಬಂದ. ಮೊದಲ ದಿನ ಹುಡುಗರು ನಕ್ಕರು. ಆಕೆ ನಿಲ್ಲಿಸದೆ ಓದುತ್ತಾ ಹೋದಳು. ಪುಟ ತಿರುಗಿಸುವ ಹೊತ್ತಿಗೆ ಎಲ್ಲರ ಕಣ್ಣೂ ಪುಸ್ತಕದ ಮೇಲಿತ್ತು.

ಒಂದು ವರ್ಷ ಬೆರಳ್‌ಗೆ ಕೊರಳ್ ಓದಿಸುತ್ತಿದ್ದೆ. ಪಠ್ಯದಲ್ಲಿ ಇರಲಿಲ್ಲ, ಶನಿವಾರದ ಕೊನೆಯ ಅವಧಿಗೆ ಬೀರುವಿನಿಂದ ತೆಗೆದದ್ದು. ಏಕಲವ್ಯನ ಬೆರಳನ್ನು ಗುರುದಕ್ಷಿಣೆಯಾಗಿ ಕೇಳುವ ಕಥೆ ಎಲ್ಲರಿಗೂ ಗೊತ್ತು. ಕುವೆಂಪು ಅವರು ಅದರಲ್ಲಿ ಏಕಲವ್ಯನ ತಾಯಿಯನ್ನು ತಂದಿದ್ದಾರೆ, ದ್ರೋಣನ ಒಳಗಿನ ಸಂಕಟವನ್ನೂ ತಂದಿದ್ದಾರೆ. ಹಾಜರಿಯ ಕ್ರಮದಲ್ಲಿ ಏಕಲವ್ಯನ ಪಾತ್ರ ಒಬ್ಬ ಹುಡುಗನಿಗೆ ಬಂತು. ಅವನ ತಾತ ತಮಟೆ ಬಾರಿಸಿ ನಾಟಕ ಸಾರಿದವರು. ಹುಡುಗ ಎದ್ದು ನಿಂತ, ಪುಸ್ತಕ ತೆರೆಯಲಿಲ್ಲ. ಸಾರ್, ನಾನು ದ್ರೋಣ ಓದಬಹುದಾ ಎಂದು ಕೇಳಿದ. ತರಗತಿ ನಿಶ್ಶಬ್ದವಾಯಿತು. ಏಕೆಂದು ನಾನು ಕೇಳಲಿಲ್ಲ. ಏಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದ್ರೋಣನ ಸರದಿ ಬಂದಿದ್ದ ಹುಡುಗ ತಾನೇ ಎದ್ದು, ನಾನು ಏಕಲವ್ಯ ಓದುತ್ತೇನೆ ಸಾರ್ ಎಂದ. ಅವನು ಊರಿನಲ್ಲಿ ದುರ್ಯೋಧನನ ಪಾರ್ಟು ಮಾಡುವವರ ಮನೆಯವನು.

ಇಬ್ಬರೂ ಓದಿದರು. ಸರಳ ರಗಳೆಯ ಆ ಹಳಗನ್ನಡ ಒಂಬತ್ತನೆಯ ತರಗತಿಯವರಿಗೆ ಸುಲಭವಲ್ಲ, ತಡವರಿಸಿದರು. ಆದರೆ ಬೆರಳು ಕೇಳುವ ಜಾಗಕ್ಕೆ ಬಂದಾಗ ದ್ರೋಣನಾಗಿ ಓದುತ್ತಿದ್ದವನು ಬಹಳ ಹೊತ್ತು ನಿಂತುಬಿಟ್ಟ. ಓದಲು ಬಾರದೆ ನಿಂತದ್ದಲ್ಲ. ಆಮೇಲೆ ಮೆಲ್ಲಗೆ ಓದಿದ. ಕೇಳುವವನಿಗೆ ಆ ಮಾತು ಎಷ್ಟು ಭಾರವಾಗಿರಬೇಕೆಂದು ಅವತ್ತು ತರಗತಿಗೆ ತಿಳಿಯಿತು. ಆ ಅವಧಿಯಲ್ಲಿ ನಾನು ವಿವರಣೆ ಕೊಡಲಿಲ್ಲ. ಗಂಟೆ ಹೊಡೆದ ಮೇಲೂ ಮಕ್ಕಳು ಕೂತೇ ಇದ್ದರು.

ಹಳ್ಳಿಯ ರಂಗದಲ್ಲಿ ಪಾತ್ರಕ್ಕೆ ಬೆಲೆಯಿದೆ, ಕಟ್ಟುಪಾಡಿದೆ. ಗಟ್ಟಿಯಾಗಿ ಓದುವ ತರಗತಿಯಲ್ಲಿ ಎರಡೂ ಇಲ್ಲ. ಅರ್ಧ ಗಂಟೆಯ ಮಟ್ಟಿಗೆ ಯಾರು ಬೇಕಾದರೂ ಯಾರಾದರೂ ಆಗಬಹುದು. ಸರ್ಕಾರಿ ಶಾಲೆಗೆ ಇದಕ್ಕಿಂತ ತಕ್ಕ ಪಾಠ ನನಗೆ ಹೊಳೆಯಲಿಲ್ಲ. ಇತ್ತೀಚೆಗೆ ಊರಿನಲ್ಲಿ ನಾಟಕ ಕಟ್ಟಿದಾಗ ಆ ಓಣಿಯ ಇಬ್ಬರು ಪಾರ್ಟು ತೆಗೆದುಕೊಂಡರೆಂದು ಕೇಳಿ ಸಂತೋಷವಾಯಿತು. ಅದು ನಮ್ಮ ತರಗತಿಯಿಂದ ಆಯಿತೆಂದು ನಾನು ಹೇಳುವುದಿಲ್ಲ. ಕಾಲವೂ ಬದಲಾಗಿದೆ, ಅವರೂ ಕೇಳಿ ಪಡೆದಿದ್ದಾರೆ.

ನಾಟಕ ಓದುವ ಕ್ರಮವನ್ನು ಈಗಿನ ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಮೊದಲು ಕಂಸದಲ್ಲಿರುವ ರಂಗಸೂಚನೆ ಓದಿ. ಯಾರು ಎಲ್ಲಿ ನಿಂತಿದ್ದಾರೆ, ಹಗಲೋ ರಾತ್ರಿಯೋ ತಿಳಿಯದೆ ಮಾತು ಓದಿದರೆ ಅದು ಪತ್ರ ಓದಿದಂತೆ. ಎರಡನೆಯದಾಗಿ, ನಿಮ್ಮ ಮಾತಿಗಿಂತ ಎದುರಿನವರ ಮಾತನ್ನು ಹೆಚ್ಚು ಗಮನವಿಟ್ಟು ಕೇಳಿ. ನಿಮ್ಮ ದನಿ ಏರಬೇಕೋ ಇಳಿಯಬೇಕೋ ಎಂಬುದು ಅಲ್ಲಿದೆ. ಮಾತಿಲ್ಲದ ಜಾಗದಲ್ಲಿ ಅವಸರ ಬೇಡ. ಹಾರ್ಮೋನಿಯಂ ಮೇಷ್ಟರು ಹೇಳಿಕೊಡುವುದೂ ಇದನ್ನೇ.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಗ್ರಾಮಸ್ಥರಲ್ಲಿ ಒಂದು ಬಿನ್ನಹ. ನಮ್ಮ ಭಾಗದ ಹಿರಿಯ ಹಾರ್ಮೋನಿಯಂ ಮೇಷ್ಟರೊಬ್ಬರು ತೀರಿಕೊಂಡ ಮೇಲೆ ಅವರ ನೋಟ್‌ಬುಕ್ಕುಗಳು ಅಟ್ಟದ ಮೇಲೆ ಗೆದ್ದಲಿಗೆ ಹೋದವು. ಅವರ ಮಟ್ಟುಗಳು ಈಗ ಉಳಿದಿರುವುದು ಮೂರು ನಾಲ್ಕು ಮುದುಕರ ಗಂಟಲಿನಲ್ಲಿ ಮಾತ್ರ. ನಿಮ್ಮ ಮನೆಯ ಅಟ್ಟದಲ್ಲಿ ಹಾಡಿನ ಪುಸ್ತಕ, ನಾಟಕದ ನೋಟ್‌ಬುಕ್ಕು, ಕರಪತ್ರ ಇದ್ದರೆ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಕೊಡಲು ಮನಸ್ಸಿಲ್ಲದಿದ್ದರೆ ಫೋಟೋ ತೆಗೆದುಕೊಡಿ. ಪಾರ್ಟು ಮಾಡಿದ ಹಿರಿಯರು ಮನೆಯಲ್ಲಿದ್ದರೆ ಅವರ ಹಾಡನ್ನು ಮೊಬೈಲಿನಲ್ಲಿ ಹಿಡಿದಿಡಿ. ಅಡುಗೆಮನೆಯಲ್ಲಿ ಹಾಡಿಕೊಂಡ ಅಜ್ಜಿಯರನ್ನು ಮೊದಲು ಕೇಳಿ, ಅವರನ್ನು ಇದುವರೆಗೆ ಯಾರೂ ಕೇಳಿಲ್ಲ. ಹಾಗೆಯೇ ಈಗಿನ ಶಿಕ್ಷಕ ಮಿತ್ರರು ವಾರಕ್ಕೆ ಒಂದು ಅವಧಿಯನ್ನು ನಾಟಕ ಓದಲು ಬಿಟ್ಟುಕೊಡಲಿ. ಹಾಜರಿ ಪುಸ್ತಕ ಹೇಗೂ ಮೇಜಿನ ಮೇಲೆಯೇ ಇರುತ್ತದೆ.